ಪುಡಿ ಹಿಡಿಯಿತು, ಮರಳು ಮರಳಿತು

ನಮ್ಮ ಅಡುಗೆಮನೆಯಲ್ಲಿ ಒಂದೇ ಡಬ್ಬಿಗೆ ಎರಡು ಹೆಸರಿದ್ದವು. ಅಮ್ಮ ಪುತ್ತೂರು ಕಡೆಯವರು, ಅವರಿಗೆ ಅದು ಸಾರಿನ ಹುಡಿ. ಅಪ್ಪನ ತಾಯಿ ಮೈಸೂರಿನವರು, ಅವರಿಗೆ ಸಾರಿನ ಪುಡಿ. ‘ಹುಡಿ ಅಂದ್ರೆ ಬೀದೀಲಿ ಏಳೋ ಧೂಳು ಕಣಮ್ಮ, ಸಾರಿಗೆ ಹಾಕೋದು ಪುಡಿ’ ಎಂದು ಅಜ್ಜಿ ಹೇಳಿದರೆ, ‘ಗಾಜು ಒಡೆದ್ರೆ ಪುಡಿ ಆಯ್ತು ಅಂತೀರಲ್ಲ ಅತ್ತೆ, ಅದನ್ನ ಸಾರಿಗೆ ಹಾಕ್ಲಿಕ್ಕಾಗ್ತದಾ?’ ಎಂದು ಅಮ್ಮ ನಗುತ್ತಿದ್ದರು. ಡಬ್ಬಿಯ ಮೇಲೆ ಕೊನೆಗೂ ಚೀಟಿ ಅಂಟಲಿಲ್ಲ. ಇಬ್ಬರೂ ಒಂದೇ ಮಾತನ್ನು ಆಡುತ್ತಿದ್ದರು, ಆ ಮಾತಿನ ಎರಡು ಕಾಲಗಳನ್ನು ಆಡುತ್ತಿದ್ದರು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಪುಡಿ ಹಳೆಯ ರೂಪ, ಹುಡಿ ಅದರಿಂದ ಹುಟ್ಟಿದ್ದು. ಹಳಗನ್ನಡದಲ್ಲಿ ಪದದ ಮೊದಲಲ್ಲಿದ್ದ ಪಕಾರ 10ನೆಯ ಶತಮಾನದ ಹೊತ್ತಿಗೆ ಅಲ್ಲಲ್ಲಿ ಹಕಾರವಾಗತೊಡಗಿ, ಮುಂದಿನ ಮೂರು ನಾಲ್ಕು ಶತಮಾನಗಳಲ್ಲಿ ಭಾಷೆಯನ್ನೆಲ್ಲ ವ್ಯಾಪಿಸಿತು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು, ಪೊಸತು ಹೊಸತಾಯಿತು. ಇವುಗಳ ಹಳೆಯ ರೂಪ ಇಂದು ಕಾವ್ಯ ಓದುವವರಿಗೆ ಮಾತ್ರ ಪರಿಚಯ. ಪುಡಿಯ ಕಥೆ ಬೇರೆ. ಮಗು ಹುಟ್ಟಿದ ಮೇಲೂ ತಾಯಿ ಮನೆಯಲ್ಲೇ ಉಳಿದಳು. ಕರಾವಳಿಯಲ್ಲಿ ಅರಸಿನ ಹುಡಿ, ಮೆಣಸಿನ ಹುಡಿ, ಚಾ ಹುಡಿ. ಘಟ್ಟದ ಮೇಲೆ ಚಟ್ನಿಪುಡಿ, ಖಾರದ ಪುಡಿ, ಕಾಫಿಪುಡಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಅವರ ನಿಘಂಟಿನಲ್ಲಿ ಎರಡಕ್ಕೂ ಜಾಗವಿದೆ. ಹೀಗೆ ಎರಡು ರೂಪವೂ ಉಳಿದು ಎರಡೂ ದಿನಬಳಕೆಯಲ್ಲಿರುವ ಪದಗಳು ಬೆರಳೆಣಿಕೆಯಷ್ಟು. ಇನ್ನೊಂದು ಚೆಂದದ ಜೋಡಿ ಪಡೆ ಮತ್ತು ಹಡೆ. ಸಿಕ್ಕಿದ್ದನ್ನೆಲ್ಲ ಪಡೆಯುತ್ತೇವೆ, ಮಗುವನ್ನು ಮಾತ್ರ ಹಡೆಯುತ್ತೇವೆ.

ಪಕಾರದ ಹಿಂದೆ ಇನ್ನೂ ಹಳೆಯ ಗುರುತೊಂದಿದೆ. ತಮಿಳು, ಮಲಯಾಳ, ತೆಲುಗು, ತುಳು ನಾಲ್ಕರಲ್ಲೂ ಇದು ಪೊಡಿ. ಕನ್ನಡದಲ್ಲಿ ಮಾತ್ರ ಉಕಾರ. ಮುಂದಿನ ಅಕ್ಷರದಲ್ಲಿ ಇ ಅಥವಾ ಉ ಬಂದರೆ ಹಿಂದಿನ ಎ, ಒಗಳು ಇ, ಉಗಳಾಗಿ ಮೇಲೇರುವುದು ಕನ್ನಡದ ಹಳೆಯ ಗುಣ. ತಮಿಳಿನ ಎಲಿ ನಮಗೆ ಇಲಿ, ತಮಿಳು ತೆಲುಗುಗಳ ಚೆವಿ ನಮಗೆ ಕಿವಿ, ಹಾಗೆಯೇ ಪೊಡಿ ನಮಗೆ ಪುಡಿ. ಅಂದರೆ ಅಜ್ಜಿಯ ‘ಪುಡಿ’ಯೂ ಅತಿ ಹಳೆಯದಲ್ಲ, ಅದರ ಅಜ್ಜಿಯೊಬ್ಬಳಿದ್ದಾಳೆ. ಅಮ್ಮನ ಊರಿನಲ್ಲಿ ತುಳುವರ ಮನೆಯ ‘ಪೊಡಿ’ಯೂ ಕನ್ನಡದವರ ‘ಹುಡಿ’ಯೂ ಒಂದೇ ಅಂಗಡಿಯ ತಕ್ಕಡಿಯಲ್ಲಿ ತೂಗುತ್ತಿದ್ದವು. ಆ ತಕ್ಕಡಿಯಲ್ಲಿ ಮೂಲರೂಪ ಒಂದು ತಟ್ಟೆಯಲ್ಲಿ, ಎರಡು ಸಲ ಬದಲಾದ ರೂಪ ಇನ್ನೊಂದರಲ್ಲಿ.

ಅರ್ಥವೂ ಹೀಗೆಯೇ ಕವಲೊಡೆದಿದೆ. ಹಳೆಯ ಬಳಕೆಯಲ್ಲಿ ಪುಡಿಯೆಂದರೆ ಮೊದಲಿಗೆ ನೆಲದ ಧೂಳು. ಆನೆ ಕುದುರೆಗಳ ತುಳಿತಕ್ಕೆ ಎದ್ದದ್ದು, ಸೋತವನು ಹೊರಳಿದ್ದು ಪುಡಿಯಲ್ಲಿ. ಆಮೇಲೆ ಕುಟ್ಟಿ ಬೀಸಿ ಮಾಡಿದ್ದಕ್ಕೆಲ್ಲ ಅದು ಹೆಸರಾಯಿತು, ಆಮೇಲೆ ‘ಚಿಕ್ಕದು, ಲೆಕ್ಕಕ್ಕಿಲ್ಲದ್ದು’ ಎಂಬ ಅರ್ಥಕ್ಕೆ ಇಳಿಯಿತು. ಪುಡಿಗಾಸು, ಪುಡಿರೌಡಿ ಹುಟ್ಟಿದ್ದು ಅಲ್ಲಿಂದ. ತಮಿಳಿನಲ್ಲಿ ಚಿಕ್ಕ ಹುಡುಗ ಪೊಡಿಯನ್, ಮಲಯಾಳದಲ್ಲಿ ಸ್ವಲ್ಪ ಎನ್ನಲು ಪೊಡಿಕ್ಕ್. ಪುಡಾರಿಯನ್ನು ಈ ಸಾಲಿಗೆ ಸೇರಿಸುವವರಿದ್ದಾರೆ. ಅದು ಮರಾಠಿಯ ಪುಢಾರಿ, ‘ಮುಂದೆ’ ಎಂಬರ್ಥದ ಪುಢೆಯಿಂದ ಬಂದದ್ದು, ಮುಂದಾಳು ಎಂದು ಅರ್ಥ. ಪುಡಿಗೂ ಪುಡಾರಿಗೂ ನಂಟಿಲ್ಲ.

ಇದೇ ಜಾಗಕ್ಕೆ ಸಂಸ್ಕೃತದಿಂದ ಚೂರ್ಣವೂ ಬಂತು. ಅದು ಎರಡು ಬಾಗಿಲಿನಿಂದ ಬಂದದ್ದು ಸ್ವಾರಸ್ಯದ ಸಂಗತಿ. ಪಂಡಿತರ ಬಾಗಿಲಿನಿಂದ ಬಂದದ್ದು ತ್ರಿಫಲಾ ಚೂರ್ಣವಾಗಿ ವೈದ್ಯರ ಪೊಟ್ಟಣದಲ್ಲಿ ಉಳಿಯಿತು. ಹಿತ್ತಿಲ ಬಾಗಿಲಿನಿಂದ, ಪ್ರಾಕೃತದ ಚುಣ್ಣದ ಮೂಲಕ ಬಂದದ್ದು ಸುಣ್ಣವಾಯಿತು. ವರ್ಣ ಬಣ್ಣವಾದ ದಾರಿಯೇ ಇದು: ಅರ್ಕಾವೊತ್ತು ಉದುರಿತು, ಣಕಾರ ಇಮ್ಮಡಿಯಾಯಿತು. ಗೋಡೆಗೆ ಸುಣ್ಣಬಣ್ಣ ಹೊಡೆಸಿದೆವು ಎನ್ನುವಾಗ ನಾವು ಒಂದೇ ನಿಯಮಕ್ಕೆ ಒಳಪಟ್ಟ ಎರಡು ಹಳೆಯ ಪದಗಳನ್ನು ಜೋಡಿಯಾಗಿ ಆಡುತ್ತೇವೆ. ಯಾವುದೇ ಪುಡಿಗೆ ಹೆಸರಾಗಿದ್ದ ಪದ ಕೊನೆಗೆ ಒಂದೇ ಒಂದು ಪುಡಿಗೆ, ಎಲೆಯಡಿಕೆಗೂ ಗೋಡೆಗೂ ಬೇಕಾದ ಬಿಳಿಯ ಪುಡಿಗೆ, ಹೆಸರಾಗಿ ನಿಂತಿತು. ಲ್ಯಾಟಿನ್ನಿನಲ್ಲಿ ಧೂಳೆಂಬರ್ಥದ ಪುಲ್ವಿಸ್ ಫ್ರೆಂಚಿನ ಪೂದ್ರ್ ಆಗಿ, ಇಂಗ್ಲಿಷಿನ ಪೌಡರ್ ಆಗಿ ನಮ್ಮಲ್ಲಿಗೆ ಬಂದಾಗ ಅದಕ್ಕೆ ಸಿಕ್ಕಿದ್ದು ಮುಖ. ಈಗ ಮುಖಕ್ಕೆ ಪೌಡರ್, ಮದ್ದಿಗೆ ಚೂರ್ಣ, ಎಲೆಗೆ ಸುಣ್ಣ, ಅನ್ನಕ್ಕೆ ಪುಡಿ. ಧೂಳಿನಿಂದ ಆರಂಭಿಸಿ ಮನೆಯೊಳಗೆ ಬಂದದ್ದರಲ್ಲಿ ಪುಲ್ವಿಸ್ ಮತ್ತು ಪುಡಿ ಸಹಪ್ರಯಾಣಿಕರು, ಆದರೆ ಬಂಧುಗಳಲ್ಲ.

ಇಷ್ಟು ಪದದ ಹೊರಮೈ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಪುಡಿಯ ಸುತ್ತ ನಮ್ಮ ಹೆಂಗಸರು ಕಟ್ಟಿಕೊಂಡ ನುಡಿಸಂಪತ್ತು. ಕಾಳು ಒಡೆದರೆ ಕಡಿ, ಇನ್ನೂ ಒಡೆದರೆ ನುಚ್ಚು, ಆಮೇಲೆ ತರಿ, ರವೆ, ಹಿಟ್ಟು, ನುಣ್ಣನೆಯ ಹಿಟ್ಟು. ಇದು ಬರೀ ಗಾತ್ರದ ಏಣಿ ಎಂದುಕೊಂಡಿದ್ದೆ. ಒಂದು ಸಂಜೆ ಅಜ್ಜಿ ಒಂದು ಅಂಗೈಯಲ್ಲಿ ರವೆ, ಇನ್ನೊಂದರಲ್ಲಿ ಅಕ್ಕಿಹಿಟ್ಟು ಹಿಡಿದು ಮುಷ್ಟಿ ಕಟ್ಟಿ ಬಿಡಿಸಿ ತೋರಿಸಿದರು. ರವೆ ಬೆರಳ ಸಂದಿಯಲ್ಲಿ ಜಾರಿಹೋಯಿತು. ಹಿಟ್ಟಿನ ಮೇಲೆ ಬೆರಳುಗಳ ಗುರುತೆಲ್ಲ ಉಳಿದು, ಅದು ಮುದ್ದೆಯ ಹಾಗೆ ಕೂತಿತು. ‘ರವೆ ಸುರಿಯುತ್ತೆ, ಹಿಟ್ಟು ಬೀಳುತ್ತೆ’ ಎಂದರು. ಆ ಎರಡು ಕ್ರಿಯಾಪದಗಳ ವ್ಯತ್ಯಾಸದಲ್ಲಿ ಒಂದು ಶಾಸ್ತ್ರವೇ ಇದೆ.

ಏಕೆ ಹೀಗೆ? ಯಾವುದೇ ಎರಡು ಕಣ ಪಕ್ಕಪಕ್ಕದಲ್ಲಿದ್ದರೆ ಅವುಗಳ ನಡುವೆ ಒಂದು ಸಣ್ಣ ಸೆಳೆತವಿರುತ್ತದೆ. ಡಚ್ ವಿಜ್ಞಾನಿ ವಾನ್ ಡರ್ ವಾಲ್ಸ್ ಹೆಸರಿನಿಂದ ಅದನ್ನು ಕರೆಯುತ್ತಾರೆ. ಕಣ ಹತ್ತನೇ ಒಂದರಷ್ಟು ಚಿಕ್ಕದಾದರೆ ಈ ಸೆಳೆತವೂ ಹತ್ತನೇ ಒಂದಕ್ಕೆ ಇಳಿಯುತ್ತದೆ. ಆದರೆ ಕಣದ ತೂಕ ಸಾವಿರದಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ತೂಕದ ಎದುರು ಸೆಳೆತದ ಬಲ ನೂರು ಪಟ್ಟು ಹೆಚ್ಚಿದಂತೆ. ರವೆಯ ಕಣಕ್ಕೆ ಭೂಮಿಯ ಕರೆ ದೊಡ್ಡದು, ಹಿಟ್ಟಿನ ಕಣಕ್ಕೆ ಪಕ್ಕದ ಕಣದ ಕರೆ ದೊಡ್ಡದು. ಒಂದು ಸುರಿಯುತ್ತದೆ, ಇನ್ನೊಂದು ಅಂಟಿಕೊಂಡು ಒಟ್ಟಿಗೇ ಬೀಳುತ್ತದೆ.

ಇಂಗ್ಲೆಂಡಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದ ಡೆರೆಕ್ ಗೆಲ್ಡಾರ್ಟ್ 1973ರಲ್ಲಿ ಪುಡಿಗಳನ್ನು ಎ, ಬಿ, ಸಿ, ಡಿ ಎಂದು ನಾಲ್ಕು ಗುಂಪು ಮಾಡಿದರು. ಅಡಿಯಿಂದ ಗಾಳಿ ಊದಿದರೆ ಯಾವುದು ಹೇಗೆ ನಡೆದುಕೊಳ್ಳುತ್ತದೆ ಎಂಬುದೇ ಅವರ ಅಳತೆಗೋಲು. ಹಿಟ್ಟು, ಮುಖದ ಪೌಡರುಗಳಂಥ ಅಂಟುವ ಪುಡಿ ಸಿ ಗುಂಪು, ಮರಳು ಬಿ, ಕಾಫಿಬೀಜ, ಧಾನ್ಯದ ಕಾಳುಗಳಂಥ ದೊಡ್ಡವು ಡಿ. ಇಂದಿಗೂ ಪುಡಿಯ ಕಾರ್ಖಾನೆ ಕಟ್ಟುವವರು ಮೊದಲು ನೋಡುವುದು ಈ ವಿಂಗಡಣೆಯನ್ನು. ಅದನ್ನು ಓದಿದಾಗ ನನಗೆ ಅಜ್ಜಿಯ ಎರಡು ಅಂಗೈ ಕಣ್ಣ ಮುಂದೆ ಬಂದವು. ಗಾತ್ರದಿಂದ ತೊಡಗಿ ನಡವಳಿಕೆಗೆ ತಲುಪುವ ವಿವೇಕ ಆ ಪದಗಳಲ್ಲೂ ಇತ್ತು.

ಇನ್ನು ರಂಗೋಲಿಯ ಮಾತು. ಸಂಕ್ರಾಂತಿಯ ಹಿಂದಿನ ದಿನ ಅಜ್ಜಿ ಬಣ್ಣದ ರಂಗೋಲಿಪುಡಿ ತಯಾರಿಸುತ್ತಿದ್ದರು. ಅಂಗಡಿಯಿಂದ ತಂದ ಬಣ್ಣದ ಪುಡಿ ಮೈದಾಕ್ಕಿಂತ ನುಣ್ಣಗೆ. ಅದನ್ನು ಬೆರಳಲ್ಲಿ ಹಿಡಿದರೆ ಬೆರಳು ಕೆಂಪಾಗುತ್ತದೆ, ಗೆರೆ ಬೀಳುವುದಿಲ್ಲ, ಗಂಟುಗಂಟಾಗಿ ಉದುರುತ್ತದೆ. ಬಿಳಿಯ ರಂಗೋಲಿಪುಡಿ ತರಿತರಿ, ಹೆಬ್ಬೆರಳು ತೋರುಬೆರಳ ನಡುವಿನಿಂದ ನೂಲಿನಂತೆ ಇಳಿಯುತ್ತದೆ, ಆದರೆ ಬಣ್ಣವಿಲ್ಲ. ಅಜ್ಜಿ ಹಳೆಯ ಪತ್ರಿಕೆಯ ಮೇಲೆ ನಾಲ್ಕು ಹಿಡಿ ಬಿಳಿಪುಡಿ ಹರಡಿ, ಒಂದು ಚಿಟಿಕೆ ಬಣ್ಣ ಹಾಕಿ, ಎರಡೂ ಅಂಗೈ ಸೇರಿಸಿ ಉಜ್ಜುತ್ತಿದ್ದರು. ನೀರಿಲ್ಲ, ಎಣ್ಣೆಯಿಲ್ಲ. ಮೊದಲು ಕೆಂಪು ಚುಕ್ಕಿ ಚುಕ್ಕಿ, ಹತ್ತು ನಿಮಿಷದಲ್ಲಿ ಪ್ರತಿ ತರಿಯೂ ಗುಲಾಬಿ. ‘ಬಣ್ಣ ಹಿಡೀತು’ ಎನ್ನುವುದು ಕೆಲಸ ಮುಗಿದದ್ದಕ್ಕೆ ಅವರ ಮಾತು. ಆಮೇಲೆ ಆ ಬಣ್ಣ ಊದಿದರೂ ಹಾರುತ್ತಿರಲಿಲ್ಲ, ಆದರೆ ಬೆರಳಿನಿಂದ ಬಿಳಿಪುಡಿಯಷ್ಟೇ ಸಲೀಸಾಗಿ ಇಳಿಯುತ್ತಿತ್ತು.

ಪುಡಿಯ ಎಂಜಿನಿಯರುಗಳು ಇಂದು ಮಾಡುತ್ತಿರುವುದು ಇದನ್ನೇ. ದೊಡ್ಡ ಕಣವನ್ನು ಆತಿಥೇಯ, ಅದರ ಮೈಗೆ ಹತ್ತುವ ಅತಿಸಣ್ಣ ಕಣವನ್ನು ಅತಿಥಿ ಎಂದು ಕರೆಯುವುದು ಅವರ ಪರಿಭಾಷೆ. ಅಂಟೂ ಬೇಡ, ದ್ರಾವಕವೂ ಬೇಡ, ಒಣಗಿಸುವ ಖರ್ಚೂ ಇಲ್ಲ, ಚಿಕ್ಕ ಕಣದ ಸೆಳೆತವೇ ಅಂಟು. ಹೀಗೆ ಬೆರೆತು ಕ್ರಮವಾಗಿ ಕೂರುವ ಮಿಶ್ರಣದ ಬಗ್ಗೆ ಜಾನ್ ಹರ್ಸಿ 1975ರಲ್ಲಿ ಬರೆದರು. ಜಪಾನಿನಲ್ಲಿ ಅಂಗೈಯ ಉಜ್ಜುವಿಕೆಯನ್ನೇ ಯಂತ್ರಕ್ಕೆ ಒಪ್ಪಿಸಿದರು: ತಿರುಗುವ ಪಾತ್ರೆಯ ಗೋಡೆಗೆ ಪುಡಿ ಒತ್ತಿಕೊಂಡಿರುವಾಗ ಒಳಗಿನ ದುಂಡುತುದಿ ಅದನ್ನು ತಿಕ್ಕುತ್ತದೆ. ಅಮೆರಿಕದ ನ್ಯೂಜೆರ್ಸಿ ತಾಂತ್ರಿಕ ಸಂಸ್ಥೆಯಲ್ಲಿ ರಾಬರ್ಟ್ ಫೆಫರ್, ರಾಜೇಶ್ ದವೆ ಮತ್ತು ಜೊತೆಗಾರರು ಈ ವಿಧಾನಗಳನ್ನೆಲ್ಲ ಪರೀಕ್ಷಿಸಿ 2001ರಲ್ಲಿ ವಿಸ್ತಾರವಾದ ಸಮೀಕ್ಷೆ ಪ್ರಕಟಿಸಿದರು.

ಇದರ ಅತ್ಯಂತ ಚೆಂದದ ಉಪಯೋಗ ಹಿಟ್ಟಿನ ಅಂಟನ್ನು ಬಿಡಿಸುವುದು. ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗಕ್ಕೆ ನ್ಯಾನೋಮೀಟರ್ ಎನ್ನುತ್ತೇವೆ. ಹತ್ತಿಪ್ಪತ್ತು ನ್ಯಾನೋಮೀಟರಿನ ಸಿಲಿಕಾ ಕಣಗಳನ್ನು ಹಿಟ್ಟಿನಂಥ ಪುಡಿಯ ಮೈಗೆ ಹಿಡಿಸಿದರೆ ಅವು ಸಣ್ಣಸಣ್ಣ ಗುಬುಟುಗಳ ಹಾಗೆ ಕೂರುತ್ತವೆ. ಎರಡು ದೊಡ್ಡ ಕಣಗಳು ಆಮೇಲೆ ನೇರವಾಗಿ ಮುಟ್ಟುವಂತಿಲ್ಲ, ನಡುವೆ ಗುಬುಟು ಅಡ್ಡ. ಸಂಪರ್ಕ ಚಿಕ್ಕದಾದಷ್ಟೂ ಸೆಳೆತ ಚಿಕ್ಕದು. ತೂಕದಲ್ಲಿ ನೂರಕ್ಕೆ ಒಂದರಷ್ಟು, ಅಷ್ಟೂ ಬೇಡ, ಸಿಲಿಕಾ ಸಾಕು, ಬೀಳುತ್ತಿದ್ದ ಹಿಟ್ಟು ಸುರಿಯತೊಡಗುತ್ತದೆ. ಚಪಾತಿ ಉಂಡೆಯನ್ನು ಒಣಹಿಟ್ಟಿನಲ್ಲಿ ಹೊರಳಿಸಿದಾಗ ಲಟ್ಟಣಿಗೆಗೆ ಅಂಟುವುದು ನಿಲ್ಲುತ್ತದಲ್ಲ, ಅದರ ಚಿಕ್ಕಪ್ರಪಂಚದ ಅವತಾರ ಇದು. ಅಂಗಡಿಯ ಸೂಪಿನ ಪುಡಿ, ಮಸಾಲೆಯ ಪೊಟ್ಟಣಗಳ ಹಿಂಬದಿಯಲ್ಲಿ ಗಂಟುಕಟ್ಟದಂತೆ ತಡೆಯುವ ವಸ್ತು ಎಂದು 551 ಎಂಬ ಅಂಕಿ ಎಷ್ಟೋ ಸಲ ಕಾಣುತ್ತದೆ. ಅದು ಸಿಲಿಕಾದ ಸಂಖ್ಯೆ. ಮಳೆಗಾಲದಲ್ಲಿ ಉಪ್ಪಿನ ಭರಣಿಗೆ ನಾಲ್ಕು ಅಕ್ಕಿಕಾಳು ಹಾಕುತ್ತಿದ್ದ ಮನೆಗಳಲ್ಲಿ ಈಗ ಪುಡಿಯುಪ್ಪಿನ ಜೊತೆಗೇ ಆ ಕಾವಲು ಬರುತ್ತದೆ. ಅಮೆರಿಕದ ಮಾರ್ಟನ್ ಕಂಪನಿ 1911ರಲ್ಲಿ ಮೆಗ್ನೀಸಿಯಂ ಕಾರ್ಬೊನೇಟ್ ಬೆರೆಸಿ ಮಳೆಯಲ್ಲೂ ಸುರಿಯುವ ಉಪ್ಪನ್ನು ಮಾರತೊಡಗಿತ್ತು.

ಹಿಡಿಸಿದ್ದನ್ನು ಬೇಕೆಂದಾಗ ಬಿಡಿಸುವುದು ಇನ್ನೂ ಸೂಕ್ಷ್ಮವಾದ ಕಲೆ. ಉಬ್ಬಸದವರು ಎಳೆದುಕೊಳ್ಳುವ ಒಣಪುಡಿಯ ಇನ್ಹೇಲರಿನಲ್ಲಿ ಮದ್ದಿನ ಕಣ 5 ಮೈಕ್ರೋಮೀಟರಿಗಿಂತ ಸಣ್ಣದಿರಬೇಕು, ಇಲ್ಲವಾದರೆ ಅದು ಗಂಟಲಲ್ಲೇ ನಿಲ್ಲುತ್ತದೆ. ಅಷ್ಟು ಸಣ್ಣ ಪುಡಿ ಕ್ಯಾಪ್ಸೂಲಿನಿಂದ ಹೊರಗೇ ಬಾರದು, ಅಜ್ಜಿಯ ಬಣ್ಣದ ಹಾಗೆ ಗಂಟುಗಟ್ಟುತ್ತದೆ. ಅದಕ್ಕೆ ಹಾಲಿನ ಸಕ್ಕರೆಯ, ಅಂದರೆ ಲ್ಯಾಕ್ಟೋಸಿನ, ದೊಡ್ಡ ತರಿಗಳ ಮೈಗೆ ಮದ್ದನ್ನು ಹಿಡಿಸುತ್ತಾರೆ. ಉಸಿರು ಜೋರಾಗಿ ಎಳೆದಾಗ ಗಾಳಿಯ ರಭಸಕ್ಕೆ ಮದ್ದು ಕಳಚಿ ಶ್ವಾಸಕೋಶಕ್ಕೆ ಹೋಗುತ್ತದೆ, ಸಕ್ಕರೆ ಬಾಯಲ್ಲೇ ಉಳಿಯುತ್ತದೆ. ಅತಿಥಿಯನ್ನು ಬಾಗಿಲವರೆಗೆ ತಂದುಬಿಡುವಷ್ಟೇ ಆತಿಥೇಯನ ಕೆಲಸ. ಆಯುರ್ವೇದದಲ್ಲಿ ಚೂರ್ಣವನ್ನು ನಳಿಕೆಯ ಮೂಲಕ ಮೂಗಿಗೆ ಊದುವ ಪ್ರಧಮನ ನಸ್ಯ ಇದೆ. ನಸ್ಯ ಎಂಬ ಆ ಹೆಸರೇ ಮುಂದೆ ನಮ್ಮ ಹಿರಿಯರ ಸೊಂಟದ ಡಬ್ಬಿಯ ನಶ್ಯವಾಯಿತು.

ಗಾಳಿ ಎಂದಾಗ ನೆನಪಾಗುವುದು ಒಂದು ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ನಾನು ಕಂಡ ಗಾಜಿನ ಕೊಳವೆ. ಅದರಲ್ಲಿ ಮೊಳದಷ್ಟು ಎತ್ತರಕ್ಕೆ ಮರಳು. ಅಡಿಯಲ್ಲಿ ಸಣ್ಣ ರಂಧ್ರಗಳ ತಟ್ಟೆ. ಹುಡುಗನೊಬ್ಬ ಕೀಲಿ ತಿರುಗಿಸಿ ಗಾಳಿಯನ್ನು ಮೆಲ್ಲಗೆ ಏರಿಸುತ್ತ ಹೋದ. ಮರಳು ಸುಮ್ಮನಿತ್ತು, ಸುಮ್ಮನಿತ್ತು, ಒಮ್ಮೆಲೇ ಮೈ ಸಡಿಲಿಸಿತು. ಗಾಳಿಯ ಎಳೆತ ಮರಳಿನ ಭಾರಕ್ಕೆ ಸಮವಾದ ಕ್ಷಣ ಅದು. ಮೇಲೆ ಇಟ್ಟಿದ್ದ ಕಬ್ಬಿಣದ ನಟ್ಟು ಮುಳುಗಿತು. ತಳದಲ್ಲಿ ಹೂತಿದ್ದ ಪ್ಲಾಸ್ಟಿಕ್ ಚೆಂಡು ಕುಪ್ಪಳಿಸಿ ಮೇಲೆ ಬಂದು ತೇಲಿತು. ಗುಳ್ಳೆಗಳು ಎದ್ದವು. ಕೊಳವೆಯನ್ನು ವಾಲಿಸಿದರೆ ಮರಳಿನ ಮಟ್ಟ ನೀರಿನಂತೆ ಸಮವಾಗಿಯೇ ನಿಂತಿತು. ಗಾಳಿ ನಿಲ್ಲಿಸಿದ ಕೂಡಲೇ ಮತ್ತೆ ಬರೀ ಮರಳು, ಚೆಂಡು ಅರ್ಧ ಹೂತುಹೋಗಿ.

ಇದನ್ನು ಮೊದಲು ಕೆಲಸಕ್ಕೆ ಹಚ್ಚಿದವರು ಜರ್ಮನಿಯ ಫ್ರಿಟ್ಸ್ ವಿಂಕ್ಲರ್. 1921ರ ಡಿಸೆಂಬರ್ 16ರಂದು ಕೋಕ್ ಹರಳುಗಳಿದ್ದ ಮೂಸೆಯ ತಳದಿಂದ ಅನಿಲ ಹಾಯಿಸಿದಾಗ ಅವರಿಗೆ ಕುದಿಯುವ ದ್ರವದಂಥ ರಾಶಿ ಕಂಡಿತು. 1926ರ ಹೊತ್ತಿಗೆ ಲಾಯ್ನಾದಲ್ಲಿ ಕಂದು ಕಲ್ಲಿದ್ದಲಿನಿಂದ ಅನಿಲ ತೆಗೆಯುವ ದೊಡ್ಡ ಸ್ಥಾವರ ನಡೆಯುತ್ತಿತ್ತು. 1942ರಲ್ಲಿ ಅಮೆರಿಕದ ಬ್ಯಾಟನ್ ರೂಜ್‌ನಲ್ಲಿ ಇದೇ ತತ್ತ್ವದಿಂದ ಭಾರದ ಎಣ್ಣೆಯನ್ನು ಒಡೆದು ಪೆಟ್ರೋಲ್ ಮಾಡತೊಡಗಿದರು. ಯುದ್ಧಕಾಲದ ವಿಮಾನಗಳಿಗೆ ಇಂಧನ ಬೇಕಿತ್ತು. ವಿಸ್ಕಾನ್ಸಿನ್ನಿನ ಡೇಲ್ ವುರ್ಸ್ಟರ್ ಮಾತ್ರೆಗಳನ್ನು ಗಾಳಿಯಲ್ಲಿ ಕಾರಂಜಿಯಂತೆ ಕುಣಿಸುತ್ತ ಅವುಗಳಿಗೆ ಹೊದಿಕೆ ಹಚ್ಚುವ ವಿಧಾನ ಕಂಡುಕೊಂಡರು. ಹೊಟ್ಟೆಯಲ್ಲಿ ಕರಗದೆ ಕರುಳಿನಲ್ಲಿ ಕರಗುವ ಹರಳುಮದ್ದುಗಳಿಗೆ ಹೊದಿಕೆ ಬೀಳುವುದು ಇಂದಿಗೂ ಹೆಚ್ಚಾಗಿ ಈ ಬಗೆಯಲ್ಲಿ. ಹಿಟ್ಟಿನಂಥ ಸಿ ಗುಂಪಿನ ಪುಡಿಯನ್ನು ಮಾತ್ರ ಈ ಗಾಳಿಯ ಹಾಸಿನಲ್ಲಿ ಕುಣಿಸುವುದು ಕಷ್ಟ. ಗಾಳಿ ಇಲಿಯಂತೆ ಬಿಲ ಕೊರೆದು ಹೊರಟುಹೋಗುತ್ತದೆ, ಪುಡಿ ಕೂತಲ್ಲೇ ಕೂತಿರುತ್ತದೆ. ಅದಕ್ಕೆ ಮೊದಲು ಸಿಲಿಕಾ ಹಿಡಿಸಬೇಕು, ಆಗ ಅದೂ ಕುಣಿಯುತ್ತದೆ. ಅಂಗೈಯ ಉಜ್ಜುವಿಕೆಯೂ ಕೊಳವೆಯ ಗಾಳಿಯೂ ಕೂಡುವುದು ಇಲ್ಲಿ.

ಈ ಹಾಸಿಗೆ ಹೆಸರೇನು? ಜರ್ಮನರು ವಿರ್ಬೆಲ್‌ಶಿಖ್ಟ್ ಎನ್ನುತ್ತಾರೆ, ಸುಳಿಯುವ ಪದರ. ರಷ್ಯನ್ನರು ಕಿಪ್ಯಾಶ್ಚಿಯ್ ಸ್ಲೋಯ್ ಎನ್ನುತ್ತಾರೆ, ಕುದಿಯುವ ಪದರ. ಇಬ್ಬರೂ ಕಣ್ಣಿಗೆ ಕಂಡದ್ದನ್ನು ಹೆಸರಿಸಿದರು. ಇಂಗ್ಲಿಷಿನ ಫ್ಲೂಯಿಡೈಸ್ಡ್ ಬೆಡ್ ಅನ್ನು ನಾವು ‘ದ್ರವೀಕೃತ ಹಾಸು’ ಎಂದುಕೊಂಡರೆ ದಾರಿ ತಪ್ಪುತ್ತದೆ ಎಂದು ನನ್ನ ದೃಢ ಅನಿಸಿಕೆ. ದ್ರವೀಕರಣ ಎಂದರೆ ಕರಗಿಸುವುದು, ಇಲ್ಲಿ ಒಂದು ಹರಳೂ ಕರಗುವುದಿಲ್ಲ. ‘ಒಣ ಲೇಪನ’ವೂ ಹಾಗೆಯೇ, ಲೇಪ ಎಂದೊಡನೆ ಕೈ ಒದ್ದೆಯಾಗುತ್ತದೆ. ಅಜ್ಜಿಯ ‘ಹಿಡಿಸು’ ಇರುವಾಗ ಅದೇಕೆ? ಪುಡಿ ಹಿಡಿಸುವುದು ಎಂದರೆ ಎಲ್ಲರಿಗೂ ತಿಳಿಯುತ್ತದೆ.

ಹಾಸಿಗಂತೂ ಕನ್ನಡ ಸಿದ್ಧವಾಗಿ ಕಾದಿದೆ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಎಸರು ಕುದಿಯಿತು ಎನ್ನುವುದಿಲ್ಲ, ಎಸರು ಮರಳಿತು ಎನ್ನುತ್ತಾರೆ, ಬಾಯಲ್ಲಿ ಅದು ‘ಎಸ್ರು ಮಳ್ತಾ ಐತೆ’. ತಳದಿಂದ ಗುಳ್ಳೆ ಎದ್ದು ಮೇಲೆ ಬಂದು ಮತ್ತೆ ಕೆಳಗೆ ತಿರುಗುವ ಆ ಕುದಿತಕ್ಕೆ ಮರಳು ಎಂಬ ಕ್ರಿಯಾಪದ. ಹೊಳೆಯ ಮರಳೂ ಮರಳು. ಧ್ವನಿಯಲ್ಲಿ ಒಂದು, ಅರ್ಥದಲ್ಲಿ ಎರಡು. ಆ ಗಾಜಿನ ಕೊಳವೆಯಲ್ಲಿ ನಾನು ಕಂಡದ್ದನ್ನು ಇನ್ನಾವ ಭಾಷೆಯೂ ಇಷ್ಟು ಚಿಕ್ಕದಾಗಿ ಹೇಳಲಾರದು: ಮರಳು ಮರಳಿತು.

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಗಾಳಿಯ ಊದು ಇಲ್ಲ, ಅಲ್ಲಿ ಮರಳನ್ನು ಮರಳಿಸುವುದು ಮನುಷ್ಯನ ತೋಳು. ಕಾದ ಮರಳಿಗೆ ಉಪ್ಪುನೀರು ಕುಡಿಸಿದ ಅಕ್ಕಿ ಬೀಳುತ್ತದೆ, ಸೌಟು ಎರಡು ಸುತ್ತು ತಿರುಗುತ್ತದೆ, ಅಕ್ಕಿಯ ಪ್ರತಿ ಮಗ್ಗುಲಿಗೂ ಏಕಕಾಲಕ್ಕೆ ಬಿಸಿ ತಾಗಿ ಅದು ಅರಳುತ್ತದೆ. ಜರಡಿ ಹಿಡಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಭತ್ತದ ಹೊಟ್ಟು ಸುಡುವ ಹೊಸ ಬಾಯ್ಲರುಗಳಲ್ಲಿ ಇದೇ ಕೆಲಸವನ್ನು ಗಾಳಿ ಮಾಡುತ್ತದೆ. 800ರಿಂದ 900 ಡಿಗ್ರಿಯಲ್ಲಿ ಮರಳುತ್ತಿರುವ ಮರಳಿಗೆ ಹೊಟ್ಟು ಬಿದ್ದ ತಕ್ಷಣ ಎಲ್ಲ ಕಡೆಯಿಂದ ಬಿಸಿ ಹತ್ತಿ ಉರಿದುಹೋಗುತ್ತದೆ. ಗಂಧಕವಿರುವ ಕಲ್ಲಿದ್ದಲನ್ನು ಉರಿಸುವಾಗ ಆ ಮರಳಿನ ಜೊತೆಗೆ ಸುಣ್ಣಕಲ್ಲಿನ ಪುಡಿಯನ್ನೂ ಹಾಕುತ್ತಾರೆ. ಅದು ಬೆಂದು ಸುಣ್ಣವಾಗಿ, ಗಂಧಕದ ಹೊಗೆಯನ್ನು ಹಿಡಿದುಕೊಂಡು, ಚಿಮಣಿಗೆ ಹೋಗಬಿಡದೆ ಬೂದಿಯಲ್ಲಿ ಉಳಿಸಿಕೊಳ್ಳುತ್ತದೆ. ಚೂರ್ಣವಾಗಿದ್ದದ್ದು ಸುಣ್ಣವಾಯಿತು ಎಂದೆನಲ್ಲ, ಬಾಯ್ಲರಿನೊಳಗೆ ದಿನವೂ ಆ ತದ್ಭವ ನಡೆಯುತ್ತಿದೆ.

ಅಮ್ಮನ ಮನೆಯಲ್ಲಿ ಬಿತ್ತನೆಯ ಹೆಸರು, ಅಲಸಂಡೆ ಬೀಜಗಳನ್ನು ಒಲೆಯ ಬೂದಿಯಲ್ಲಿ ಹೊರಳಿಸಿ ಮಡಕೆಗೆ ತುಂಬಿ ಬಾಯಿ ಕಟ್ಟುತ್ತಿದ್ದರು. ಜರಡಿ ಹಿಡಿದ ನುಣ್ಣನೆಯ ಬೂದಿ ಬೀಜದ ಮೈಗೆ ಹಿಡಿದು ಎಲ್ಲ ಬೀಜವೂ ಒಂದೇ ಬಣ್ಣ. ಹುಳ ಬಂದರೆ ಆ ಪುಡಿ ಅದರ ಮೈಯ ಮೇಣವನ್ನು ಕೆರೆದು ಹೀರಿ, ತೇವ ಆರಿಸಿ ಕೊಲ್ಲುತ್ತದೆ. ಮೊದಲ ಮಳೆ ಬಿದ್ದ ಮರುದಿನ ಅಜ್ಜ ಮಡಕೆಯ ಬಾಯಿ ಬಿಚ್ಚಿ ಮೊರದ ಮೇಲೆ ವಾಲಿಸುತ್ತಿದ್ದರು. ಬೀಜ ನೀರಿನ ಹಾಗೆ ಸದ್ದು ಮಾಡುತ್ತ ಇಳಿಯುತ್ತಿತ್ತು, ಹಿಂದೆಯೇ ಬೂದಿಯ ಹುಡಿ ಮೆಲ್ಲಗೆ ಏಳುತ್ತಿತ್ತು. ‘ದೂರ ನಿಲ್ಲು ಮಗಾ, ಕಣ್ಣಿಗೆ ಹುಡಿ ಬೀಳ್ತದೆ’ ಎನ್ನುತ್ತಿದ್ದರು.